ತುಮಕೂರಿಗೆ ಎಲ್ಲೆ ಬರೆದು ಟಾರ್ಕಿಯ ಕಡಲಂಚಿಗೆ ಹೋದ ಬೌರಿಂಗ್

ತುಮಕೂರು, ಗುಬ್ಬಿ, ಕುಣಿಗಲ್ ಪ್ರದೇಶದ ಕಥೋಲಿಕ ಕುಟುಂಬಗಳಿಗೆ ಬೌರಿಂಗ್ ಎಂಬ ಹೆಸರು ಹೊಸದೇನಲ್ಲ. ಕಾಯಿಲೆಯ ಸಂದರ್ಭದಲ್ಲಿ ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಬಾಗಿಲು ತಟ್ಟಿದವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಕೋಲಾರದ ಕಡೆಯ ಬಂಗಾರಪೇಟೆಯನ್ನು ಹಿಂದೆ ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದುದನ್ನು ಹಿರಿಯರು ಬಲ್ಲರು. ಆದರೆ ಆ ಹೆಸರಿನ ಹಿಂದಿದ್ದ ವ್ಯಕ್ತಿ ಯಾರು, ತುಮಕೂರಿಗೂ ಅವರಿಗೂ ಏನು ಸಂಬಂಧ, ಮೈಸೂರು ಸೀಮೆಯನ್ನು ಬಿಟ್ಟ ಮೇಲೆ ಅವರ ಬದುಕು ಎಲ್ಲಿ ಸಾಗಿತು ಎಂಬುದನ್ನು ತಿಳಿದವರು ವಿರಳ. ಅವರ ಸ್ವಂತ ತಂಗಿ ಕಥೋಲಿಕ ಕನ್ಯಾಸ್ತ್ರೀಯಾಗಿದ್ದರೆಂಬ ಸಂಗತಿಯಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು. ಆದ್ದರಿಂದ ಈ ವಾರ ಲೆವಿನ್ ಬೆಂಥಾಮ್ ಬೌರಿಂಗ್ ಅವರ ಜೀವನವನ್ನು ಓದುಗರ ಮುಂದಿಡಲು ಬಯಸುತ್ತೇವೆ.

ಬೌರಿಂಗ್ ಅವರು ಜನಿಸಿದ್ದು 1824ರಲ್ಲಿ. ತಂದೆ ಸರ್ ಜಾನ್ ಬೌರಿಂಗ್. ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿರುವ ಡೆವನ್ ಪ್ರಾಂತ್ಯದ ಎಕ್ಸಿಟರ್ ನಗರ ಈ ಮನೆತನದ ಮೂಲಸ್ಥಾನ. ಉಣ್ಣೆಯ ಬಟ್ಟೆಯ ವ್ಯಾಪಾರ ಅವರ ಕುಲಕಸುಬು. ಸರ್ ಜಾನ್ ಅವರು ಹಲವು ಭಾಷೆಗಳ ಪಂಡಿತರು, ಕವಿಗಳು, ಪಾರ್ಲಿಮೆಂಟ್ ಸದಸ್ಯರು. ಪ್ರಸಿದ್ಧ ಚಿಂತಕ ಜೆರೆಮಿ ಬೆಂಥಾಮ್ ಅವರ ಆಪ್ತ ಸ್ನೇಹಿತರು. ಮಗನ ಹೆಸರಿನ ನಡುವೆ ಬೆಂಥಾಮ್ ಎಂಬುದು ಸೇರಿಕೊಂಡದ್ದು ಆ ಸ್ನೇಹದ ಗುರುತಾಗಿ. ಧರ್ಮದ ವಿಷಯದಲ್ಲಿ ಸರ್ ಜಾನ್ ಯೂನಿಟೇರಿಯನ್ ಪಂಥದವರು. ತ್ರೈಯೇಕ ದೇವರ ತತ್ತ್ವವನ್ನು ಒಪ್ಪದ ಪಂಥ ಅದು. ಆದರೂ ಕ್ರಿಸ್ತನ ಶಿಲುಬೆಯನ್ನು ಕೊಂಡಾಡುವ ಅವರ ಒಂದು ಸ್ತುತಿಗೀತೆಯನ್ನು ಇಂದಿಗೂ ಹಲವು ಕ್ರೈಸ್ತ ಪಂಗಡಗಳ ದೇವಾಲಯಗಳಲ್ಲಿ ಹಾಡುತ್ತಾರೆ.

ಲೆವಿನ್ ಅವರ ವಿದ್ಯಾಭ್ಯಾಸ ಎಕ್ಸಿಟರ್‌ನಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹಾಗೂ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳನ್ನು ಸಿದ್ಧಗೊಳಿಸುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ನಡೆಯಿತು. 1843ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಅವರು ಬಂಗಾಳದ ಸಿವಿಲ್ ಸೇವೆಗೆ ಸೇರಿದರು. 1847ರಲ್ಲಿ ಲಾಹೋರಿನ ರೆಸಿಡೆಂಟರ ಸಹಾಯಕರಾದರು. ಅನಂತರ ಪಂಜಾಬಿನಲ್ಲಿ ಹಲವು ಹುದ್ದೆಗಳನ್ನು ನಿರ್ವಹಿಸಿ, 1858ರಿಂದ 1862ರವರೆಗೆ ವೈಸ್‌ರಾಯ್ ಲಾರ್ಡ್ ಕ್ಯಾನಿಂಗ್ ಅವರ ಆಪ್ತ ಕಾರ್ಯದರ್ಶಿಯಾಗಿದ್ದರು. ಕಂಪನಿಯ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಆರಂಭವಾದ ಕಾಲ ಅದು. ಆ ಅನುಭವವನ್ನು ಹೊತ್ತು, 1862ರಲ್ಲಿ ಮೈಸೂರು ಸಂಸ್ಥಾನದ ಕಮಿಷನರಾಗಿ ಅವರು ಬೆಂಗಳೂರಿಗೆ ಬಂದರು.

ಅಂದಿನ ಮೈಸೂರಿನ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡಿದ್ದರು. 1834ರಿಂದ 1861ರವರೆಗೆ ಸರ್ ಮಾರ್ಕ್ ಕಬ್ಬನ್ ಅವರು ಕಮಿಷನರಾಗಿ ನಾಡನ್ನು ಹಳೆಯ ಪದ್ಧತಿಗಳಿಗೆ ಹೆಚ್ಚು ಧಕ್ಕೆ ತಾರದೆ ನಡೆಸಿಕೊಂಡು ಬಂದಿದ್ದರು. ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟರಾಗಿದ್ದ ಡಾಬ್ಸ್ ಅವರು ದೀರ್ಘಕಾಲ ತುಮಕೂರಿನಲ್ಲಿಯೇ ನೆಲೆಸಿದ್ದರು. ಬೆಂಗಳೂರು–ತುಮಕೂರು ರಸ್ತೆಯ ದಾಬಸ್‌ಪೇಟೆ ಅವರ ಹೆಸರನ್ನೇ ಹೊತ್ತಿದೆ. ಕಬ್ಬನ್ ಅವರು ತಮ್ಮ ಇಳಿವಯಸ್ಸಿನಲ್ಲಿ ನಿವೃತ್ತರಾಗಿ ತಾಯ್ನಾಡಿಗೆ ಹೊರಟರು. ಆದರೆ 1861ರಲ್ಲಿ ದಾರಿಯಲ್ಲಿಯೇ, ಸೂಯೆಜ್‌ನಲ್ಲಿ, ನಿಧನರಾದರು. ಅವರ ದೇಹ ಮಾತ್ರ ಮ್ಯಾನ್ ದ್ವೀಪದ ಕಡಲತೀರದ ಹುಟ್ಟೂರನ್ನು ಸೇರಿತು. ಅಂಥವರ ಸ್ಥಾನಕ್ಕೆ ಬಂದವರು ಮೂವತ್ತೆಂಟು ವರ್ಷದ ಬೌರಿಂಗ್.

ಬೌರಿಂಗ್ ಅವರು ಮಾಡಿದ ಮೊದಲ ದೊಡ್ಡ ಕೆಲಸ ಆಡಳಿತದ ಪುನರ್ವಿಂಗಡಣೆ. ಸಂಸ್ಥಾನವನ್ನು ಅವರು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳನ್ನಾಗಿಯೂ ಎಂಟು ಜಿಲ್ಲೆಗಳನ್ನಾಗಿಯೂ ವಿಂಗಡಿಸಿದರು. ಬೆಂಗಳೂರು, ಕೋಲಾರ ಮತ್ತು ತುಮಕೂರು ಜಿಲ್ಲೆಗಳು ನಂದಿದುರ್ಗ ವಿಭಾಗಕ್ಕೆ ಸೇರಿದವು. ತುಮಕೂರು ಒಂದು ಜಿಲ್ಲೆಯಾಗಿ ರೂಪುಗೊಂಡದ್ದು ಹೀಗೆ. ಜಿಲ್ಲೆಯ ಮುಖ್ಯಾಧಿಕಾರಿಯನ್ನು ಡೆಪ್ಯುಟಿ ಕಮಿಷನರ್ ಎಂದು ಕರೆಯುವ ಪದ್ಧತಿ ಬಳಕೆಗೆ ಬಂದದ್ದೂ ಅವರ ಕಾಲದಲ್ಲಿಯೇ. ಜಮೀನಿನ ಪಹಣಿಗಾಗಿಯೋ ಜಾತಿ ಪ್ರಮಾಣಪತ್ರಕ್ಕಾಗಿಯೋ ಇಂದು ತಾಲ್ಲೂಕು ಕಚೇರಿಯಿಂದ ಡೀಸಿ ಕಚೇರಿಗೆ ಅಲೆಯುವ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ರೈತನು ತನಗರಿವಿಲ್ಲದೆಯೇ ಬೌರಿಂಗ್ ಅವರು ಹಾಕಿದ ದಾರಿಯಲ್ಲಿ ನಡೆಯುತ್ತಿದ್ದಾನೆ.

ಅವರ ಕಾಲದಲ್ಲಿ ಜಮೀನುಗಳ ಅಳತೆ ಮತ್ತು ಕಂದಾಯ ನಿಗದಿಯ ಕೆಲಸ ಕ್ರಮವಾಗಿ ಆರಂಭವಾಯಿತು. 1864ರಲ್ಲಿ ಅರಣ್ಯ ಇಲಾಖೆ ಹುಟ್ಟಿತು. 1866ರಲ್ಲಿ ಇನಾಂ ಭೂಮಿಗಳ ಹಕ್ಕನ್ನು ಪರಿಶೀಲಿಸಲು ಆಯೋಗ ರಚಿತವಾಯಿತು. ಬೆಂಗಳೂರಿನಲ್ಲಿ ಕೆಂಪು ಬಣ್ಣದ ಅಠಾರಾ ಕಚೇರಿ 1864ರಿಂದ 1868ರ ಅವಧಿಯಲ್ಲಿ ಎದ್ದು ನಿಂತಿತು. ಇಂದು ಅದರಲ್ಲಿ ಉಚ್ಚ ನ್ಯಾಯಾಲಯವಿದೆ. 1866ರಲ್ಲಿ ಅಡಿಗಲ್ಲು ಹಾಕಿದ ನಾಗರಿಕ ಆಸ್ಪತ್ರೆ 1868ರಲ್ಲಿ ತೆರೆಯಿತು. ಅದಕ್ಕೆ ಅವರ ಹೆಸರೇ ನಿಂತಿತು. ಲೂಯಿ ರೈಸ್ ಅವರ ಯೋಜನೆಯಂತೆ ಹೋಬಳಿಗೊಂದು ಶಾಲೆಯನ್ನು ತೆರೆಯುವ ಕಾರ್ಯವೂ 1868ರ ಸುಮಾರಿಗೆ ಮೊದಲಾಯಿತು. ಪಟ್ಟಣಗಳಲ್ಲಿ ಮಾತ್ರ ಇದ್ದ ಸರ್ಕಾರಿ ವಿದ್ಯೆ ಹಳ್ಳಿಗಾಡಿನ ಕಡೆಗೆ ಮುಖ ಮಾಡಿದ್ದು ಆಗಲೇ. ಶಿಲಾಶಾಸನಗಳ ಛಾಯಾಚಿತ್ರಗಳನ್ನು ತೆಗೆಯುವ ಕೆಲಸವನ್ನು ಬೌರಿಂಗ್ ಅವರು 1865ರಲ್ಲಿ ಮೇಜರ್ ಡಿಕ್ಸನ್ ಅವರಿಗೆ ವಹಿಸಿದರು. ಆ ಚಿತ್ರಗಳನ್ನು ಓದಲು ಕುಳಿತ ರೈಸ್ ಅವರೇ ಮುಂದೆ ಕನ್ನಡ ನಾಡಿನ ಶಾಸನಗಳ ಮಹಾ ಸಂಗ್ರಾಹಕರಾದರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಪೂರ್ಣ ಸತ್ಯವಾಗದು. ಹೊಸ ವ್ಯವಸ್ಥೆಯೊಡನೆ ಯೂರೋಪಿಯನ್ ಅಧಿಕಾರಿಗಳ ಸಂಖ್ಯೆಯೂ ಅವರ ಸಂಬಳದ ಹೊರೆಯೂ ಹೆಚ್ಚಿದವು. ಆ ಹೊರೆಯನ್ನು ಹೊತ್ತದ್ದು ಮೈಸೂರಿನ ಕಂದಾಯ. ಮೇಲಿನ ಹುದ್ದೆಗಳು ನಾಡಿನ ಜನರಿಗೆ ದೂರವಾದವು. ವೃದ್ಧ ಮಹಾರಾಜರು ತಮ್ಮ ರಾಜ್ಯವನ್ನು ಮರಳಿ ಪಡೆಯಲು ವರ್ಷಗಟ್ಟಲೆ ಬೇಡಿಕೆ ಸಲ್ಲಿಸಿದರೂ ಅದು ಈಡೇರಲಿಲ್ಲ. 1865ರಲ್ಲಿ ಅವರು ಬಾಲಕ ಚಾಮರಾಜೇಂದ್ರರನ್ನು ದತ್ತು ಪಡೆದಾಗ ಸರ್ಕಾರ ಮೊದಲು ಒಪ್ಪಲಿಲ್ಲ. 1867ರಲ್ಲಿ ಲಂಡನ್ನಿನಿಂದ ಅನುಮೋದನೆ ಬಂದಿತು. ಮಹಾರಾಜರು 1868ರ ಮಾರ್ಚಿಯಲ್ಲಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಾಲಕನ ಪಟ್ಟಾಭಿಷೇಕ ನೆರವೇರಿತು. ನಾಡು ಒಡೆಯರ ಕೈಗೆ ಮರಳಿದ್ದು 1881ರಲ್ಲಿ. ಬೌರಿಂಗ್ ಅವರು ಕರ್ತವ್ಯನಿಷ್ಠ ಅಧಿಕಾರಿಯಾಗಿದ್ದರು. ಆದರೆ ಪರರ ನಾಡನ್ನು ಆಳುವ ಅಧಿಕಾರಿಯಾಗಿದ್ದರು. ಈ ಎರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳುವುದು ನ್ಯಾಯ.

1870ರಲ್ಲಿ ಬೌರಿಂಗ್ ಅವರು ಅಧಿಕಾರದಿಂದ ನಿವೃತ್ತರಾದರು. ಕರ್ನಲ್ ರಿಚರ್ಡ್ ಮೀಡ್ ಅವರು ಆ ಸ್ಥಾನಕ್ಕೆ ಬಂದರು. ಸೂಯೆಜ್ ಕಾಲುವೆ ತೆರೆದು ಆಗ ಒಂದು ವರ್ಷವೂ ಕಳೆದಿತ್ತೋ ಇಲ್ಲವೋ. ಇಂಗ್ಲೆಂಡಿನ ಪ್ರಯಾಣ ಹಿಂದಿಗಿಂತ ಸುಲಭವಾಗತೊಡಗಿದ್ದ ಕಾಲ. ಇಪ್ಪತ್ತೇಳು ವರ್ಷಗಳ ಸೇವೆಯ ಬಳಿಕ ಅವರು ತಾಯ್ನಾಡಿಗೆ ಮರಳಿದರು.

ಅದೇ 1870ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅವರ ತಂಗಿ ಎಮಿಲಿ ಪ್ರಭುವಿನಲ್ಲಿ ನಿದ್ರೆಹೋದರು. ಈ ತಂಗಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ತಂದೆ ಸರ್ ಜಾನ್ 1854ರಿಂದ 1859ರವರೆಗೆ ಹಾಂಗ್‌ಕಾಂಗ್‌ನ ಗವರ್ನರಾಗಿದ್ದರು. ಅವರ ಆಡಳಿತದಲ್ಲಿಯೇ ಚೀನಾದೊಡನೆ ಎರಡನೆಯ ಅಫೀಮು ಯುದ್ಧ ಹೊತ್ತಿಕೊಂಡಿತು. 1857ರ ಜನವರಿಯಲ್ಲಿ ಅಲ್ಲಿಯ ಯೂರೋಪಿಯನ್ನರು ತಿನ್ನುತ್ತಿದ್ದ ರೊಟ್ಟಿಯಲ್ಲಿ ವಿಷ ಬೆರೆಸಲಾಯಿತು. ಅದನ್ನು ತಿಂದು ಅಸ್ವಸ್ಥರಾದವರಲ್ಲಿ ಲೆವಿನ್ ಮತ್ತು ಎಮಿಲಿಯ ತಾಯಿಯೂ ಒಬ್ಬರು. ಮರುವರ್ಷ ಅವರು ತೀರಿಕೊಂಡರು. ಯೂನಿಟೇರಿಯನ್ ಮನೆಯಲ್ಲಿ ಬೆಳೆದ ಎಮಿಲಿ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದ್ದರು. ಗವರ್ನರ್ ಪದವಿ ಮುಗಿದು ತಂದೆ ಇಂಗ್ಲೆಂಡಿಗೆ ಹೊರಟಾಗ ಮಗಳು ಅವರೊಡನೆ ಹಿಂದಿರುಗಲಿಲ್ಲ. 1860ರಲ್ಲಿ ಇಟಲಿಯಿಂದ ಆರು ಮಂದಿ ಕನೋಸಿಯನ್ ಸಹೋದರಿಯರು ಹಾಂಗ್‌ಕಾಂಗ್‌ಗೆ ಬಂದಿಳಿದರು. ವೆರೋನಾದಲ್ಲಿ 1808ರಲ್ಲಿ ಸಂತ ಮಗ್ದಲೇನಾ ಕನೋಸಾ ಅವರು ಬಡ ಹೆಣ್ಣುಮಕ್ಕಳ ಸೇವೆಗಾಗಿ ಆರಂಭಿಸಿದ ಸಭೆಯ ಸಹೋದರಿಯರು ಅವರು. ಎಮಿಲಿ ಆ ಸಭೆಯನ್ನು ಸೇರಿ ಸಿಸ್ಟರ್ ಅಲೋಶಿಯಾ ಆದರು. ಅದೇ ವರ್ಷ ತೆರೆದ ಇಟಾಲಿಯನ್ ಕಾನ್ವೆಂಟ್ ಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿಯಾಗಿ ತಮ್ಮ ಕೊನೆಯುಸಿರಿನವರೆಗೆ, ಹತ್ತು ವರ್ಷ, ದುಡಿದರು. ಆಗ ಅವರಿಗೆ ನಲವತ್ತು ತುಂಬಿರಲಿಲ್ಲ. ಗವರ್ನರ ಬಂಗಲೆಯಲ್ಲಿ ಇದ್ದ ಮಗಳು ಅದೇ ಊರಿನ ಶಾಲಾಮಕ್ಕಳ ನಡುವೆ ಮಣ್ಣಾದರು.

ಅಣ್ಣ ಮರಳಿದರು, ತಂಗಿ ಮರಳಲಿಲ್ಲ. ಒಂದೇ ಮನೆಯ ಇಬ್ಬರು ಮಕ್ಕಳು ಪೂರ್ವದೇಶಗಳಲ್ಲಿ ದುಡಿದ ಬಗೆ ಇದು. ಯಾರ ದಾರಿ ಹೆಚ್ಚು, ಯಾರದು ಕಡಿಮೆ ಎಂದು ತೂಗಲು ನಾವು ಹೊರಟಿಲ್ಲ. ಆದರೆ ನಮ್ಮ ಮಕ್ಕಳು ದೂರದ ನಾಡುಗಳಿಗೆ ಹೊರಡುವಾಗ ಈ ಇಬ್ಬರನ್ನೂ ಒಟ್ಟಿಗೆ ನೆನೆಯುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ತಾಯ್ನಾಡಿಗೆ ಮರಳಿದ ಬೌರಿಂಗ್ ಅವರು ತಮ್ಮ ನಿವೃತ್ತ ಜೀವನಕ್ಕೆ ಆರಿಸಿಕೊಂಡದ್ದು ಟಾರ್ಕಿ ಎಂಬ ಕಡಲತೀರದ ಪಟ್ಟಣವನ್ನು. ಪೂರ್ವಿಕರ ಎಕ್ಸಿಟರ್‌ನಿಂದ ಅದು ಮೂವತ್ತೈದು ಕಿಲೋಮೀಟರುಗಳಷ್ಟೇ ದೂರ. ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವಷ್ಟು ಎನ್ನಬಹುದು. ಅಲ್ಲಿ ಅವರ ಮನೆಗೆ ಲಾವ್ರಕ್‌ಬೇರ್ ಎಂಬ ಹೆಸರಿತ್ತು.

ಟಾರ್ಕಿಯ ಕಥೆಯೂ ಕುತೂಹಲಕರ. 1801ರಲ್ಲಿ ಅಲ್ಲಿಯ ಜನಸಂಖ್ಯೆ ಒಂದು ಸಾವಿರವನ್ನೂ ಮುಟ್ಟಿರಲಿಲ್ಲ. ನೆಪೋಲಿಯನ್ನನೊಡನೆ ಯುದ್ಧ ನಡೆಯುತ್ತಿದ್ದಾಗ ಇಂಗ್ಲೆಂಡಿನ ನೌಕಾಪಡೆಯು ಟಾರ್ ಕೊಲ್ಲಿಯಲ್ಲಿ ಲಂಗರು ಹಾಕುತ್ತಿತ್ತು. ನೌಕಾಧಿಕಾರಿಗಳ ಕುಟುಂಬಗಳು ದಡದಲ್ಲಿ ಮನೆ ಮಾಡಿದವು. 1815ರಲ್ಲಿ ಸೋತು ಶರಣಾದ ನೆಪೋಲಿಯನ್ನನನ್ನು ಹೊತ್ತ ಹಡಗು ಅದೇ ಕೊಲ್ಲಿಯಲ್ಲಿ ಕೆಲವು ದಿನ ನಿಂತಾಗ, ಆತನನ್ನು ಕಾಣಲು ಜನ ದೋಣಿಗಳಲ್ಲಿ ಮುಗಿಬಿದ್ದಿದ್ದರು. 1848ರಲ್ಲಿ ರೈಲು ಬಂದಿತು. ಎತ್ತರದ ಗುಡ್ಡಗಳು ಉತ್ತರದ ಶೀತಗಾಳಿಯನ್ನು ತಡೆಯುವುದರಿಂದ ಚಳಿಗಾಲದಲ್ಲಿಯೂ ಅಲ್ಲಿ ಹವೆ ಹಿತವಾಗಿರುತ್ತದೆ. ಆದ್ದರಿಂದ ಕ್ಷಯರೋಗಿಗಳೂ ಸಿರಿವಂತರೂ ಚಳಿಗಾಲ ಕಳೆಯಲು ಅಲ್ಲಿಗೆ ಬರತೊಡಗಿದರು. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಆರೋಗ್ಯಕ್ಕಾಗಿ ಅಲ್ಲಿ ತಂಗಿದ್ದಾಗಲೇ, 1840ರಲ್ಲಿ, ಆಕೆಯ ಸಹೋದರ ಆ ಕೊಲ್ಲಿಯಲ್ಲಿ ಮುಳುಗಿ ಸತ್ತನು. ಹಿತವಾದ ಆ ಕಡಲು ದುಃಖವನ್ನೂ ತಾರದೆ ಬಿಡಲಿಲ್ಲ. ಭಾರತದ ಬಿಸಿಲಿನಲ್ಲಿ ಬದುಕಿನ ಅರ್ಧವನ್ನು ಕಳೆದು ಇಂಗ್ಲೆಂಡಿನ ಚಳಿಯನ್ನು ತಾಳಲಾರದ ಅಧಿಕಾರಿಗಳಿಗೆ ಟಾರ್ಕಿ ಹೇಳಿ ಮಾಡಿಸಿದ ಊರಾಯಿತು. ಕೆಂಪು ಮಣ್ಣಿನ ಬಂಡೆಗಳು, ತೋಟಗಳಲ್ಲಿ ತಾಳೆಯಂಥ ಮರಗಳು, ಗುಡ್ಡಗಳ ಮೇಲೆ ಬಿಳಿಯ ಬಂಗಲೆಗಳು ಅದರ ಗುರುತು.

ಕಥೋಲಿಕರಿಗೆ ಆ ಊರು ಬೇರೊಂದು ಕಾರಣಕ್ಕೂ ಗಮನಾರ್ಹ. ಟಾರ್ಕಿಯ ಹೃದಯದಲ್ಲಿರುವ ಟಾರ್ ಮಠವನ್ನು 1196ರಲ್ಲಿ ಶ್ವೇತವಸ್ತ್ರದ ಪ್ರೆಮಾನ್‌ಸ್ಟ್ರೆಟೆನ್ಸಿಯನ್ ಸಂನ್ಯಾಸಿಗಳು ಸ್ಥಾಪಿಸಿದರು. ಎಂಟನೆಯ ಹೆನ್ರಿ ದೊರೆಯು ಮಠಗಳನ್ನು ಮುಚ್ಚಿಸಿದಾಗ, 1539ರಲ್ಲಿ, ಅದೂ ಬರಿದಾಯಿತು. 1588ರಲ್ಲಿ ಸ್ಪೇನಿನ ನೌಕಾಪಡೆಯ ಒಂದು ಹಡಗಿನಿಂದ ಸೆರೆಸಿಕ್ಕ 397 ಮಂದಿಯನ್ನು ಆ ಮಠದ ಕಣಜದಲ್ಲಿ ಕೂಡಿಹಾಕಿದ್ದರು. 1662ರಲ್ಲಿ ಕೇರಿ ಎಂಬ ಕಥೋಲಿಕ ಮನೆತನ ಆ ಆಸ್ತಿಯನ್ನು ಕೊಂಡಿತು. ಕಥೋಲಿಕರಿಗೆ ಬಹಿರಂಗ ಪೂಜೆ ನಿಷಿದ್ಧವಾಗಿದ್ದ ಕಾಲದಲ್ಲಿ ಆ ಮನೆಯವರು ತಮ್ಮ ವಿಶ್ವಾಸವನ್ನು ಬಿಡದೆ ಕಾಪಾಡಿಕೊಂಡರು. 1829ರಲ್ಲಿ ಕಾಯಿದೆಯ ಬಂಧನಗಳು ಸಡಿಲಗೊಂಡವು; 1850ರಲ್ಲಿ ಪ್ಲಿಮತ್ ಧರ್ಮಪ್ರಾಂತ್ಯ ರಚನೆಯಾಯಿತು; ಮುಂದಿನ ಇಪ್ಪತ್ತು ವರ್ಷಗಳಲ್ಲಿ ಟಾರ್ಕಿ ಪ್ರದೇಶದಲ್ಲಿ ಹೊಸ ಕಥೋಲಿಕ ದೇವಾಲಯಗಳು ಎದ್ದವು. ಬೌರಿಂಗ್ ಅವರು ನೆಲೆಸಿದ ಹೊತ್ತಿಗೆ, ಅವರ ತಂಗಿ ಆರಿಸಿಕೊಂಡ ವಿಶ್ವಾಸವು ಆ ಊರಿನಲ್ಲಿ ಮರೆಯಿಂದ ಬೆಳಕಿಗೆ ಬಂದಿತ್ತು.

ನಿವೃತ್ತಿಯಲ್ಲಿ ಬೌರಿಂಗ್ ಅವರು ಕೈಕಟ್ಟಿ ಕೂರಲಿಲ್ಲ. 1871ರಲ್ಲಿ ತಮ್ಮ ಪೂರ್ವದೇಶದ ಅನುಭವಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಮೈಸೂರು, ಕೊಡಗು, ಪಂಜಾಬುಗಳ ನೆಲ, ಜನ, ಆಚಾರಗಳ ವಿವರಣೆ ಅದರಲ್ಲಿದೆ. 1893ರಲ್ಲಿ, ಎಪ್ಪತ್ತರ ಹೊಸ್ತಿಲಿನಲ್ಲಿ, ಹೈದರಲಿ ಮತ್ತು ಟಿಪ್ಪು ಸುಲ್ತಾನರ ಇತಿಹಾಸವನ್ನು ಬರೆದರು. ಆಕ್ಸ್‌ಫರ್ಡ್‌ನಿಂದ ಹೊರಬಂದ ಭಾರತದ ಆಳರಸರ ಮಾಲೆಗೆ ಸೇರಿದ ಪುಸ್ತಕ ಅದು. ಭಾರತದಲ್ಲಿ ಅವರು ಸಂಗ್ರಹಿಸಿದ್ದ ಛಾಯಾಚಿತ್ರಗಳ ಸಂಪುಟಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕಡಲ ಸದ್ದು ಕೇಳುವ ಊರಿನಲ್ಲಿ ನೆಲೆಸಿದ ಆ ವೃದ್ಧರು ಹೈದರನು ಶಿರಾದ ನವಾಬನೆಂಬ ಬಿರುದನ್ನು ಪಡೆದ, ಟಿಪ್ಪುವಿನ ಕುದುರೆಗಳು ಕುಣಿಗಲ್ಲಿನಲ್ಲಿ ಮೇಯುತ್ತಿದ್ದ ಕಾಲದ ಇತಿಹಾಸವನ್ನು ಬರೆಯಲು ಕುಳಿತರು. ಮೈಸೂರಿನಲ್ಲಿ ಅವರು ಇದ್ದದ್ದು ಎಂಟೇ ವರ್ಷ. ಅದನ್ನು ಬಿಟ್ಟು ಇಪ್ಪತ್ತಮೂರು ವರ್ಷಗಳಾದ ಮೇಲೂ ಅದರ ಮೇಲಿನ ಮನಸ್ಸು ಹೋಗಿರಲಿಲ್ಲ.

ಆ ವರ್ಷಗಳಲ್ಲಿ ಅವರು ಬಿಟ್ಟುಹೋದ ನಾಡು ಏನೇನನ್ನು ಕಂಡಿತು? 1876ರಿಂದ 1878ರವರೆಗಿನ ಘೋರ ಕ್ಷಾಮ ಮೈಸೂರನ್ನು ನುಂಗಿತು. 1871ರಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಮಳೆ ನೆಚ್ಚಿದ ತುಮಕೂರಿನಂಥ ಬಯಲುಸೀಮೆಯ ರೈತರು ತೀವ್ರವಾಗಿ ನೊಂದರು. ಜಮೀನಿನ ಅಳತೆ, ಜಿಲ್ಲೆಯ ಎಲ್ಲೆ, ಅಚ್ಚುಕಟ್ಟಾದ ಕಡತಗಳು ಇದ್ದರೂ ಹಸಿದ ಹೊಟ್ಟೆಗಳನ್ನು ತುಂಬಿಸಲು ಅವು ಸಾಲಲಿಲ್ಲ. ಆ ಸಂಕಟದಲ್ಲಿ ಪ್ಯಾರಿಸ್ ಮಿಷನ್ ಸಭೆಯ ಗುರುಗಳು ಅನಾಥ ಮಕ್ಕಳನ್ನು ಒಟ್ಟುಗೂಡಿಸಿದರು. ನೆಲಮಂಗಲದ ಕಡೆಯ ಸಿಲುವೆಪುರದಂಥ ಕಥೋಲಿಕ ಹಳ್ಳಿಗಳು ನೆಲೆಗೊಂಡದ್ದು ಆ ಕ್ಷಾಮದ ಬೆನ್ನಿನಲ್ಲಿ. 1884ರಲ್ಲಿ ತುಮಕೂರಿಗೆ ರೈಲು ಬಂದಿತು, 1889ರಲ್ಲಿ ಅದು ಹರಿಹರವನ್ನು ಮುಟ್ಟಿತು. ಗುಬ್ಬಿಯ ಅಡಿಕೆ, ತೆಂಗು ಆ ಹಳಿಗಳ ಮೇಲೆ ದೂರದ ಪೇಟೆಗಳಿಗೆ ಹೊರಟವು.

ಇತ್ತ ಟಾರ್ಕಿಯೂ ಬೆಳೆಯುತ್ತಿತ್ತು. 1890ರಲ್ಲಿ ಅಲ್ಲಿ ಹುಟ್ಟಿದ ಅಗಾಥಾ ಎಂಬ ಹುಡುಗಿ ಮುಂದೆ ಅಗಾಥಾ ಕ್ರಿಸ್ಟಿ ಎಂಬ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿಗಳ ರಾಣಿಯೆನಿಸಿದಳು. ಆಕೆಯ ಕಥೆಗಳಲ್ಲಿ ಭಾರತದಿಂದ ಮರಳಿದ ನಿವೃತ್ತ ಅಧಿಕಾರಿಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಆಶ್ಚರ್ಯವಲ್ಲ. ಬೌರಿಂಗ್ ಅವರಂಥವರು ಇದ್ದ ಪಟ್ಟಣದಲ್ಲಿಯೇ ಆಕೆ ಬೆಳೆದದ್ದು. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ರುಡ್ಯಾರ್ಡ್ ಕಿಪ್ಲಿಂಗ್ ಕೂಡ ಸಂಸಾರದೊಡನೆ ಟಾರ್ಕಿಯ ಬಳಿ ಮನೆ ಮಾಡಿದರು. ಆದರೆ ಆ ಮನೆ ಅವರಿಗೆ ಹಿಡಿಸದೆ ಮರುವರ್ಷವೇ ಬಿಟ್ಟರು. ಊರು ಎಷ್ಟೇ ಸೊಗಸಾಗಿದ್ದರೂ ಎಲ್ಲರಿಗೂ ಅದು ಮನೆಯಾಗುವುದಿಲ್ಲ. ಬೌರಿಂಗ್ ಅವರಿಗೆ ಅದು ಮನೆಯಾಯಿತು. 1910ರಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ಟಾರ್ಕಿಯಲ್ಲಿಯೇ ಅವರು ನಿಧನರಾದರು. ನಿವೃತ್ತರಾಗಿ ಬದುಕಿದ ನಲವತ್ತು ವರ್ಷಗಳು ಅವರು ಭಾರತದಲ್ಲಿ ದುಡಿದ ಇಪ್ಪತ್ತೇಳಕ್ಕಿಂತ ಹೆಚ್ಚು.

ಓದುಗ ಬಂಧುಗಳೇ, ಇಂದು ಪ್ರಯಾಣದ ದಿಕ್ಕು ಬದಲಾಗಿದೆ. ಇಂಗ್ಲೆಂಡಿನ ಕಡಲತೀರದ ಪಟ್ಟಣಗಳಲ್ಲಿ ವೃದ್ಧರ ಸಂಖ್ಯೆ ಹೆಚ್ಚು. ಅವರ ಶುಶ್ರೂಷೆಗೆ ಆಸ್ಪತ್ರೆಗಳಲ್ಲಿಯೂ ವೃದ್ಧಾಶ್ರಮಗಳಲ್ಲಿಯೂ ದಾದಿಯರು ಬೇಕಾಗಿದ್ದಾರೆ. ಕರ್ನಾಟಕ, ಕೇರಳಗಳ ಕಥೋಲಿಕ ಮನೆಗಳ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ದುಡಿಯುತ್ತಿದ್ದಾರೆ. ಬೌರಿಂಗ್ ಅವರು ಇಲ್ಲಿಗೆ ಆಳಲು ಬಂದಿದ್ದರು; ನಮ್ಮ ಮಕ್ಕಳು ಅಲ್ಲಿಗೆ ರೋಗಿಗಳ ಹಾಸಿಗೆಯ ಬಳಿ ನಿಲ್ಲಲು ಹೋಗುತ್ತಿದ್ದಾರೆ. ಆ ದಾರಿ ಸಿಸ್ಟರ್ ಅಲೋಶಿಯಾ ಅವರ ದಾರಿಗೆ ಹತ್ತಿರವಾದುದು.

ಹೀಗೆ ಮಗಳನ್ನೋ ಮಗನನ್ನೋ ಕಳುಹಿಸಿಕೊಟ್ಟ ಮನೆಗಳಲ್ಲಿ ತಂದೆತಾಯಂದಿರ ಮನಸ್ಸನ್ನು ಕೊರೆಯುವ ಪ್ರಶ್ನೆ ಒಂದೇ: ಮಕ್ಕಳು ಮರಳುವರೋ, ಅಲ್ಲಿಯೇ ನೆಲೆಸುವರೋ? ಸರ್ ಜಾನ್ ಬೌರಿಂಗ್ ಅವರೂ ಈ ಪ್ರಶ್ನೆಯ ಎರಡು ಉತ್ತರಗಳನ್ನೂ ಕಂಡರು. 1872ರಲ್ಲಿ ಎಕ್ಸಿಟರ್‌ನಲ್ಲಿ ಅವರು ಕಣ್ಣುಮುಚ್ಚುವ ಹೊತ್ತಿಗೆ ಒಬ್ಬ ಮಗ ಭಾರತದಿಂದ ಮರಳಿದ್ದ, ಒಬ್ಬ ಮಗಳು ಹಾಂಗ್‌ಕಾಂಗ್‌ನ ಮಣ್ಣಿನಲ್ಲಿದ್ದಳು. ಮರಳುವುದು ನಿಷ್ಠೆಯ ಗುರುತೂ ಅಲ್ಲ, ಮರಳದಿರುವುದು ಮರೆವಿನ ಗುರುತೂ ಅಲ್ಲ. ಇದ್ದ ಊರಿನ ಜನರನ್ನು ತಮ್ಮವರೆಂದು ಬಗೆದು ದುಡಿದರೇ, ದೂರವಾದ ಊರನ್ನು ನೆನಪಿನಲ್ಲಿ ಉಳಿಸಿಕೊಂಡರೇ ಎಂಬುದನ್ನು ನೋಡಬೇಕು.

ಸಿಸ್ಟರ್ ಅಲೋಶಿಯಾ ಮುನ್ನಡೆಸಿದ ಶಾಲೆ ಸೇಕ್ರೆಡ್ ಹಾರ್ಟ್ ಕನೋಸಿಯನ್ ಕಾಲೇಜು ಎಂಬ ಹೆಸರಿನಲ್ಲಿ ಇಂದಿಗೂ ಹಾಂಗ್‌ಕಾಂಗ್‌ನಲ್ಲಿ ನಡೆಯುತ್ತಿದೆ. ಅಣ್ಣ ಗೆರೆ ಎಳೆದು ರೂಪಿಸಿದ ತುಮಕೂರು ಜಿಲ್ಲೆ ಇಂದಿಗೂ ಜಿಲ್ಲೆಯಾಗಿಯೇ ಇದೆ. ಅವರ ಹೆಸರಿನ ಆಸ್ಪತ್ರೆಯಲ್ಲಿ ಇಂದಿಗೂ ಬಡವರ ಸಾಲು ನಿಲ್ಲುತ್ತದೆ. ದೂರದಲ್ಲಿರುವ ನಮ್ಮ ಮಕ್ಕಳಿಗೂ ಅಂಥ ಉಳಿಯುವ ಕೆಲಸ ಒದಗಲಿ. ಈ ಭಾನುವಾರದ ಕುಟುಂಬ ಪ್ರಾರ್ಥನೆಯಲ್ಲಿ ಅವರ ಹೆಸರುಗಳನ್ನು ಹೇಳಿ, ಸಾಧ್ಯವಾದರೆ ಅವರಿಗೊಂದು ಪತ್ರವನ್ನೂ ಕನ್ನಡದಲ್ಲಿಯೇ ಬರೆಯಿರೆಂದು ನಮ್ಮ ವಿನಂತಿ.